ಏಳನೆಯ ಹೆಜ್ಜೆ

ವಿವಾಹಮಂಟಪದಲ್ಲಿ ವಧೂವರರು ಅಗ್ನಿಯ ಬಳಿಯಲ್ಲಿ ಏಳು ಹೆಜ್ಜೆ ನಡೆಯುವುದನ್ನು ಕಾಣದವರು ಕಡಮೆ. ಆ ಹೆಜ್ಜೆಗಳ ಅರ್ಥವನ್ನು ವಿಚಾರಿಸಿದವರು ಅದಕ್ಕಿಂತಲೂ ಕಡಮೆ. ಆಶ್ವಲಾಯನ ಗೃಹ್ಯಸೂತ್ರದ ಕ್ರಮದಂತೆ ಮೊದಲನೆಯದು ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿನ ಪುಷ್ಟಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತಾನಕ್ಕೆ, ಆರನೆಯದು ಋತುಗಳಿಗೆ. ಸಂಸಾರಕ್ಕೆ ಬೇಕಾದುದೆಲ್ಲವೂ ಹೀಗೆ ಒಂದೊಂದಾಗಿ ಬಂದು ನಿಂತ ಮೇಲೆ, ಕಟ್ಟಕಡೆಗೆ, ಏಳನೆಯ ಹೆಜ್ಜೆಯಲ್ಲಿ ವರನು ವಧುವಿನಲ್ಲಿ ಬೇಡುವುದು ಸಖ್ಯವನ್ನು. ಕಾಯಿದೆಯನ್ನು ರಚಿಸಿದವರೂ ಆ ಹೆಜ್ಜೆಯನ್ನು ಹಗುರವಾಗಿ ಎಣಿಸಲಿಲ್ಲ. ಸಪ್ತಪದಿಯು ಸೇರಿರುವ ವಿವಾಹಗಳಲ್ಲಿ ಏಳನೆಯ ಹೆಜ್ಜೆಯನ್ನು ಇಟ್ಟಾಗಲೇ ವಿವಾಹವು ಪೂರ್ಣವಾಗಿ ಬದ್ಧವಾಗುತ್ತದೆಂದು ೧೯೫೫ರ ಹಿಂದೂ ವಿವಾಹ ಕಾಯಿದೆಯ ೭ನೆಯ ಪ್ರಕರಣವು ಹೇಳುತ್ತದೆ.

ಹಿರಿಯರ ಮತದಲ್ಲಿ, ಹಾಗಾದರೆ, ಮದುವೆಯು ಮೊದಲು, ಗೆಳೆತನವು ತರುವಾಯ. ಈಚಿನ ಪ್ರಣಯ ಕಾದಂಬರಿಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿ ಕಥಾನಾಯಕನೂ ಕಥಾನಾಯಿಕೆಯೂ ಮೊದಲು ಬಹುಕಾಲದ ಸ್ನೇಹಿತರು. ಒಬ್ಬರ ರುಚಿ, ಒಬ್ಬರ ಕೋಪ, ಒಬ್ಬರ ಜ್ವರ ಇನ್ನೊಬ್ಬರಿಗೆ ಬಾಯಿಪಾಠ. ಪ್ರೇಮವು ಕಡೆಯಲ್ಲಿ ಬರುತ್ತದೆ. ಬಂದಾಗ ಅತಿಥಿಯಂತೆ ಬಾಗಿಲನ್ನು ತಟ್ಟುವುದಿಲ್ಲ, ಬಹಳ ದಿನಗಳಿಂದ ಮನೆಯೊಳಗೇ ಇದ್ದವನು ದೀಪವನ್ನು ಹಚ್ಚಿದಂತೆ ಕಾಣಿಸಿಕೊಳ್ಳುತ್ತದೆ. ಈ ಜಾತಿಯ ಮೂರು ಇಂಗ್ಲಿಷ್ ಕಾದಂಬರಿಗಳು ಅಂಜನಾಪುರದ ಒಂದು ಮನೆಯೊಳಕ್ಕೆ ಬಂದು ಮಾಡಿದ ಉಪದ್ರವವೇ ಇಲ್ಲಿಯ ವಿಷಯ.

ಅಂಜನಾಪುರವು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರದ ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಇದೆ. ಹಳ್ಳಿಯೂ ಕೆರೆಯೂ ಹಳೆಯವು, ಬಡಾವಣೆ ಹೊಸದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನೆಲವನ್ನು ಅಳೆದು, ಕಲ್ಲು ನೆಟ್ಟು, ನಿವೇಶನಗಳನ್ನು ಹಂಚಿತು. ಈ ಹಂಚಿಕೆಯಲ್ಲಿ ಒಂದು ವಿಶೇಷವುಂಟು. ನಿವೇಶನ ದೊರೆತವನಿಗೆ ನೆರೆಯವನನ್ನು ಆರಿಸಿಕೊಳ್ಳುವ ಅಧಿಕಾರವಿಲ್ಲ. ಪೂರ್ವದ ಗೋಡೆಗೆ ಒಂದು ಜಿಲ್ಲೆಯವರು, ಪಶ್ಚಿಮದ ಗೋಡೆಗೆ ಇನ್ನೊಂದು ಜಿಲ್ಲೆಯವರು. ಜಾತಿ ಬೇರೆ, ಮನೆಮಾತು ಬೇರೆ, ಒಗ್ಗರಣೆಯ ವಾಸನೆಯೂ ಬೇರೆ. ಹಿಂದಿನವರ ಮದುವೆಗಳಂತೆಯೇ ಇದು: ಕಾಗದದ ಮೇಲೆ ಸಂಬಂಧವು ಮೊದಲು ಗೊತ್ತಾಗುತ್ತದೆ, ಸ್ನೇಹವು ಆಮೇಲೆ ಆದರೆ ಆಯಿತು.

ಆ ಮನೆಯ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಪತ್ನಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡವನ್ನು ಕಲಿಸಿದ ಉಪಾಧ್ಯಾಯಿನಿ. ಮಗ, ಸೊಸೆ, ಒಬ್ಬಳೇ ಮೊಮ್ಮಗಳು—ಇಷ್ಟೇ ಸಂಸಾರ. ಅವರು ಅಲ್ಲಿ ಮನೆ ಕಟ್ಟಿದ ಆರಂಭದ ವರ್ಷಗಳಲ್ಲಿ ಬಡಾವಣೆಗೆ ರಸ್ತೆಯ ಹೆಸರಿತ್ತು, ರಸ್ತೆ ಇರಲಿಲ್ಲ, ನಲ್ಲಿಯಿತ್ತು, ನೀರಿರಲಿಲ್ಲ. ಅವರ ಕೊಳವೆ ಬಾವಿಯು ಎರಡನೆಯ ಬೇಸಗೆಯಲ್ಲಿಯೇ ಬತ್ತಿತು. ಪಕ್ಕದ ಮನೆಯವರ ಬಾವಿಯಲ್ಲಿ ನೀರುಂಟಾಗಿತ್ತು. ಒಂದು ಸಂಜೆ ಆ ಮನೆಯ ಗೃಹಿಣಿ ಹೇಳಿ ಕಳುಹಿಸದೆ, ಕೇಳಿಸಿಕೊಳ್ಳದೆ, ರಬ್ಬರು ಕೊಳವೆಯೊಂದನ್ನು ಗೋಡೆಯ ಮೇಲಿಂದ ಈಚೆಗೆ ಹಾಕಿ, "ತೊಟ್ಟಿ ತುಂಬಿದ ಮೇಲೆ ಕೂಗಿ" ಎಂದಳು. ಆ ಕೊಳವೆ ಮೂರು ಬೇಸಗೆಗಳ ಕಾಲ ಗೋಡೆಯ ಮೇಲೆಯೇ ಇತ್ತು. ಎಂಜಿನಿಯರು ಬಂದವರಿಗೆಲ್ಲ ಅದನ್ನು ತೋರಿಸಿ, "ಇವರು ನಮಗೆ ನೆಂಟರಿಗಿಂತ ಹೆಚ್ಚು" ಎನ್ನುತ್ತಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಪಕ್ಕದ ಮನೆಗೆ ಒಬ್ಬ ಹುಡುಗನಿದ್ದ. ಅವನೂ ಮೊಮ್ಮಗಳೂ ನಾಲ್ಕನೆಯ ತರಗತಿಯಿಂದ ಒಂದೇ ಶಾಲೆ, ಒಂದೇ ವಾಹನ, ಮಳೆ ಬಂದರೆ ಒಂದೇ ಕೊಡೆ. ಕಾಲೇಜು ಬೇರೆಯಾಯಿತು, ಸ್ನೇಹ ಬೇರೆಯಾಗಲಿಲ್ಲ. ಉದ್ಯೋಗಗಳು ದೊರೆತ ಮೇಲೆ ಇಬ್ಬರೂ ಬೆಳಗ್ಗೆ ಕನಕಪುರದ ರಸ್ತೆಯ ಮೆಟ್ರೋ ನಿಲ್ದಾಣಕ್ಕೆ ಕೂಡಿಯೇ ಹೋಗುವರು. ೨೦೨೧ರ ಜನವರಿಯಲ್ಲಿ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ಮುಂದಕ್ಕೆ ಬಂದು, ಮೊದಲು ಅಂಜನಾಪುರದ ಹೆಸರಿನಲ್ಲಿ ಯೋಜಿತವಾಗಿದ್ದ ಕಡೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯೆಂಬ ಹೆಸರು ನಿಂತುದು ಎಂಜಿನಿಯರಿಗೆ ಇಂದಿಗೂ ಸಮಾಧಾನವಾಗದ ವಿಷಯ. ಹುಡುಗನು ಪ್ರತಿ ಭಾನುವಾರವೂ ಬಂದು ಅವರ ಈ ದೂರನ್ನು ಹೊಸದೆಂಬಂತೆ ಕೇಳಿ ಹೋಗುತ್ತಿದ್ದ. ಅಡುಗೆಮನೆಯಲ್ಲಿ ಅವನ ತಟ್ಟೆ ಯಾವುದೆಂಬುದು ಎಲ್ಲರಿಗೂ ಗೊತ್ತಿತ್ತು. ಅವನ ಕುಲ ಯಾವುದೆಂಬುದೂ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷಗಳಲ್ಲಿ ಆ ತಿಳಿವಳಿಕೆಗೆ ಯಾವ ಕೆಲಸವೂ ಬಿದ್ದಿರಲಿಲ್ಲ.

ಮೊಮ್ಮಗಳು ಒಂದು ಮಳೆಗಾಲದ ಮೊದಲಲ್ಲಿ ತಾತನ ಮೇಜಿನ ಮೇಲೆ ಮೂರು ಕಾದಂಬರಿಗಳನ್ನು ಇಟ್ಟು, "ಹೊತ್ತು ಹೋಗದಿದ್ದರೆ ಓದಿ, ತಾತ" ಎಂದು ಹೇಳಿ ಹೋದಳು. ಎಂಜಿನಿಯರು ಓದಿದರು. ಅವರ ಓದು ವಿಚಿತ್ರವಾದುದು. ಕೆಲಸದ ಕಾಲದಲ್ಲಿ ಅಳತೆ ಪುಸ್ತಕಗಳನ್ನು ಪರಿಶೀಲಿಸಿ ಪರಿಶೀಲಿಸಿ, ಯಾವ ಪುಸ್ತಕವನ್ನು ತೆರೆದರೂ ಕೈಯಲ್ಲಿ ಕೆಂಪು ಸೀಸದಕಡ್ಡಿ ಇರಬೇಕು. ಸರಿಯಾದ ಕಡೆ ಒಂದು ಗೀಟು, ಸಂಶಯವಿದ್ದ ಕಡೆ ಒಂದು ಪ್ರಶ್ನೆ. ಅವರು ಓದಿ ಮುಗಿಸಿದ ಪುಸ್ತಕವನ್ನು ಉಪಾಧ್ಯಾಯಿನಿ ಮಧ್ಯಾಹ್ನದಲ್ಲಿ ಓದುವರು. ಆಕೆಯ ಕೈಯಲ್ಲಿಯೂ ಸೀಸದಕಡ್ಡಿ ಉಂಟು, ಅದು ಕಪ್ಪಿನದು. ಹೀಗೆ ಒಂದೇ ಪುಟದ ಅಂಚಿನಲ್ಲಿ ಎರಡು ಬಣ್ಣದ ಅಭಿಪ್ರಾಯಗಳು ಕೂಡಿದುವು.

ಮೂರನೆಯದು ಮುಗಿಯುವ ಹೊತ್ತಿಗೆ ಎಂಜಿನಿಯರು ಈ ಜಾತಿಯ ಗ್ರಂಥಗಳ ನಕ್ಷೆಯನ್ನೇ ತೆಗೆದಿದ್ದರು. ತಳಪಾಯವು ಹಲವು ವರ್ಷಗಳ ಸ್ನೇಹ. ಅದರ ಮೇಲೆ, ಇಬ್ಬರನ್ನೂ ಒಂದೇ ಕಡೆ ಸಿಕ್ಕಿಸುವ ಸಂದರ್ಭ: ಒಂದು ಪ್ರವಾಸ, ಒಂದು ಬಾಡಿಗೆ ಮನೆ, ಅಥವಾ ಲೋಕವನ್ನು ನಂಬಿಸುವುದಕ್ಕಾಗಿ ಹೂಡಿದ ಸುಳ್ಳು ನಿಶ್ಚಿತಾರ್ಥ. ಅನಂತರ ಮೂರನೆಯವರೊಬ್ಬರ ಪ್ರವೇಶ; ಅದರಿಂದ ಹುಟ್ಟುವ, ಹೆಸರು ಹೇಳಲಾರದ ಅಸೂಯೆ. ಬಳಿಕ ಒಂದು ಒಡಕು. ಕಡೆಯಲ್ಲಿ ಬಾಯಿ ಬಿಟ್ಟು ಆಡುವ ಒಂದು ಮಾತು. ಇವೆಲ್ಲದರ ನಡುವೆ, ಕಂಬಕ್ಕೆ ಕಂಬಕ್ಕೆ ತೂಗುಹಾಕಿದ ಹಗ್ಗದಂತೆ, ಆದಿಯಿಂದ ಅಂತ್ಯದವರೆಗೆ ಒಂದೇ ಭಯ—ಹೇಳಿದರೆ ಇರುವುದೂ ಹೋದೀತು ಎಂಬುದು. ಈ ಭಯ ಬಂದ ಕಡೆಯಲ್ಲೆಲ್ಲ ಅವರ ಕೆಂಪು ಪ್ರಶ್ನೆ ಬಿದ್ದಿತ್ತು. ಒಂದು ಪುಟದ ಅಂಚಿನಲ್ಲಂತೂ, "ಇಷ್ಟು ವಿಳಂಬವೇಕೆ?" ಎಂದು ಇಲಾಖೆಯ ಶೈಲಿಯಲ್ಲಿಯೇ ಬರೆದಿದ್ದರು.

"ಮೂವತ್ತನೆಯ ಪುಟದಲ್ಲಿ ಓದುವವನಿಗೆ ತಿಳಿದದ್ದು ಮುನ್ನೂರನೆಯ ಪುಟದವರೆಗೆ ಆ ಹುಡುಗನಿಗೆ ತಿಳಿಯುವುದಿಲ್ಲ. ಇಂಥವನಿಗೆ ಕೆಲಸ ಕೊಟ್ಟವರು ಯಾರು?" ಎಂದು ಅವರು ಊಟದ ಹೊತ್ತಿನಲ್ಲಿ ಕೇಳಿದರು.

"ತಿಳಿಯದೆ ಅಲ್ಲ, ತಿಳಿದಿರುವುದರಿಂದಲೇ ತಡ," ಎಂದರು ಉಪಾಧ್ಯಾಯಿನಿ. "ಅಪರಿಚಿತರು ಒಲ್ಲೆ ಎಂದರೆ ಒಂದು ಆಸೆ ಹೋಗುತ್ತದೆ. ಗೆಳತಿ ಒಲ್ಲೆ ಎಂದರೆ ಕೈಯಲ್ಲಿದ್ದ ಆಸ್ತಿಯೇ ಹೋಗುತ್ತದೆ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನು ಬೇಗ ಮಾತನಾಡುತ್ತಾನೆ."

ಎಂಜಿನಿಯರು ಮಜ್ಜಿಗೆಯನ್ನು ಹಾಕಿಸಿಕೊಂಡರು, ಒಪ್ಪಲಿಲ್ಲ.

ವಾಸ್ತವದಲ್ಲಿ ಈ ವಿಷಯವು ಇಂಗ್ಲಿಷರಿಗೂ ನಿನ್ನೆಯದಲ್ಲ. ಜೇನ್ ಆಸ್ಟೆನ್ನಳ "ಎಮ್ಮ" ಎಂಬ ಕಾದಂಬರಿಯು ೧೮೧೫ರಲ್ಲಿ ಹೊರಬಂದಿತು; ಅಲ್ಲಿ ನಾಯಿಕೆಯ ಮನೆಗೆ ನಿತ್ಯವೂ ಬಂದುಹೋಗುವ, ಅವಳ ತಪ್ಪುಗಳನ್ನು ಮುಖದೆದುರು ಹೇಳುವ ನೈಟ್ಲಿಯೇ ಕಡೆಯಲ್ಲಿ ಅವಳ ಪತಿಯಾಗುತ್ತಾನೆ. ಅದಕ್ಕೆ ಎದುರಾಗಿ, ಅಮೆರಿಕದ ಲೂಯಿಸಾ ಮೇ ಆಲ್ಕಟ್ ತನ್ನ "ಲಿಟಲ್ ವಿಮೆನ್" ಕಾದಂಬರಿಯ ೧೮೬೯ರಲ್ಲಿ ಬಂದ ಎರಡನೆಯ ಭಾಗದಲ್ಲಿ, ಬಾಲ್ಯದ ಗೆಳೆಯನಾದ ಲಾರಿಯು ತನ್ನ ಪ್ರೇಮವನ್ನು ಹೇಳಿಕೊಂಡಾಗ ಜೋ ಅದನ್ನು ಒಪ್ಪದಂತೆ ಮಾಡಿದಳು. ಓದುಗರು ಬೇಡಿದ್ದು ಬೇರೆ, ಗ್ರಂಥಕರ್ತ್ರಿ ಬಾಗಲಿಲ್ಲ. ಸ್ನೇಹವೆಲ್ಲ ಪ್ರೇಮವಾಗಿಯೇ ಮಾಗಬೇಕೆಂಬ ನಿಯಮವಿಲ್ಲ, ಸ್ನೇಹವು ಸ್ನೇಹವಾಗಿಯೇ ಪೂರ್ಣವಾದೀತು ಎಂಬುದನ್ನು ಅವಳು ಬಲ್ಲವಳಾಗಿದ್ದಳು. ಈಗಿನ ಅಗ್ಗದ ಕಾದಂಬರಿಗಳು ಮರೆತಿರುವುದು ಈ ಎರಡನೆಯ ಸತ್ಯವನ್ನು.

ಕನ್ನಡದ ಸ್ಥಿತಿ ಬೇರೆ. ಹಳಗನ್ನಡದಲ್ಲಿ ಸ್ನೇಹಕ್ಕೆ ಕೆಳೆ ಎಂದು ಹೆಸರು, ಕೆಳೆಯನು ಗೆಳೆಯನಾದ. ಆದರೆ ಕಾವ್ಯಗಳಲ್ಲಿ ಕೆಳೆಯನಿರುವುದು ಗಂಡಸಿಗೆ, ಕೆಳದಿಯಿರುವುದು ಹೆಂಗಸಿಗೆ. ಗಂಡುಹೆಣ್ಣುಗಳ ನಡುವಣ ಶುದ್ಧವಾದ ಸ್ನೇಹದ ಚಿತ್ರ ವಿರಳ. ಪಂಪನ ಭಾರತದಲ್ಲಿ ಕರ್ಣನೂ ಭಾನುಮತಿಯೂ ಪಗಡೆಯಾಡಿದರೆಂದೂ, ಮುತ್ತಿನ ಸರ ಹರಿದರೂ ದುರ್ಯೋಧನನು ಸಂಶಯಪಡಲಿಲ್ಲವೆಂದೂ ಬಹು ಮಂದಿ ತಿಳಿದಿರುವ ಪ್ರಸಂಗವೊಂದುಂಟು. ಆ ಪದ್ಯದ ಅರ್ಥದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿದ್ದರೂ, ಜನರು ಅದನ್ನು ಹಾಗೆ ತಿಳಿಯಲು ಇಷ್ಟಪಟ್ಟುದು ಗಮನಿಸತಕ್ಕದ್ದು. ಆ ಸ್ನೇಹವನ್ನು ಕಾಪಾಡಿದ್ದು ಆಡುತ್ತಿದ್ದ ಇಬ್ಬರಲ್ಲ, ನೋಡುತ್ತಿದ್ದ ಮೂರನೆಯವನ ವಿಶ್ವಾಸ.

ಹೊಸಗನ್ನಡಕ್ಕೆ ಬಂದರೆ, ದಾಂಪತ್ಯದ ಒಳಗಿನ ಸಖ್ಯವನ್ನು ಹಾಡಿದವರು ಬಹಳ. ಬೇಂದ್ರೆಯವರು ೧೯೩೭ರಲ್ಲಿ ತಮ್ಮ ದಾಂಪತ್ಯಜೀವನದ ಸುಖದುಃಖಗಳನ್ನು ಹೇಳಿದ ಕಾವ್ಯಕ್ಕೆ "ಸಖೀಗೀತ"ವೆಂದೇ ಹೆಸರಿಟ್ಟರು. ನರಸಿಂಹಸ್ವಾಮಿಯವರ "ಮೈಸೂರು ಮಲ್ಲಿಗೆ"ಯ (೧೯೪೨) ಒಲವು ಮದುವೆಯಾದ ಮೇಲೆ ಅರಳಿದ ಒಲವು. ಮದುವೆಗೆ ಮೊದಲಿನ ಸಖ್ಯವನ್ನು ಹೇಳಿದ ಕಡೆಯಲ್ಲಿ ಮಾತ್ರ ಕನ್ನಡ ಕಾದಂಬರಿಯ ದನಿ ಭಾರವಾಗುತ್ತದೆ. "ಕಾನೂರು ಹೆಗ್ಗಡಿತಿ"ಯಲ್ಲಿ (೧೯೩೬) ಹೂವಯ್ಯನೂ ಸೀತೆಯೂ ಒಬ್ಬರನ್ನೊಬ್ಬರು ಬಲ್ಲವರು, ಒಲಿದವರು. ಹಿರಿಯರು ಸೀತೆಯನ್ನು ರಾಮಯ್ಯನಿಗೆ ಕೊಟ್ಟರು. "ವಂಶವೃಕ್ಷ"ದಲ್ಲಿ (೧೯೬೫) ಸದಾಶಿವರಾಯರಿಗೂ ಅವರ ಸಂಶೋಧನೆಯಲ್ಲಿ ನೆರವಾದ ಸಿಂಹಳದ ಕರುಣರತ್ನೆಗೂ ಗ್ರಂಥರಚನೆಯ ಒಡನಾಟದಿಂದಲೇ ಪ್ರೇಮ ಬೆಳೆದು ಮದುವೆಯಾಗುತ್ತದೆ. ಆದರೆ ಆ ಸಖ್ಯದ ಬೆಲೆಯನ್ನು ತೆತ್ತವಳು ಮನೆಯಲ್ಲಿದ್ದ ಹೆಂಡತಿ ನಾಗಲಕ್ಷ್ಮಿ. ಇಂಗ್ಲಿಷ್ ಕಾದಂಬರಿಯಲ್ಲಿ ವಿಘ್ನವು ಎರಡು ಹೃದಯಗಳ ಒಳಗೆ ಕುಳಿತಿರುತ್ತದೆ. ಕನ್ನಡದಲ್ಲಿ ಅದು ಜಗಲಿಯ ಮೇಲೆ, ಹಿರಿಯರ ಸಾಲಿನಲ್ಲಿ, ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಿರುತ್ತದೆ.

ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಸ್ನೇಹಕ್ಕೆ ಕಾಲ ಬೇಕು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಿಶುವಿವಾಹವನ್ನು ತಡೆಯಲು ಶಾಸನ ಮಾಡಿದಾಗ, ಹೆಣ್ಣುಮಗುವಿಗೆ ಎಂಟು ವರ್ಷವಾದರೂ ತುಂಬಿರಲಿ ಎಂಬಷ್ಟಕ್ಕೆ ತೃಪ್ತಿಪಡಬೇಕಾಗಿತ್ತು. ೧೯೨೯ರ ಶಾರದಾ ಕಾಯಿದೆಯು ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದಿತು. ೧೯೭೮ರಲ್ಲಿ ಅದು ಹದಿನೆಂಟೂ ಇಪ್ಪತ್ತೊಂದೂ ಆಯಿತು. ಎಂಟು ವರ್ಷದ ವಧುವಿಗೆ ಸಖನನ್ನು ಅರಸುವ ಅವಕಾಶವೆಲ್ಲಿ? ಅವಳ ಪಾಲಿಗೆ ಸಖ್ಯವು ಏಳನೆಯ ಹೆಜ್ಜೆಯ ಮೇಲೆ ಹಿರಿಯರು ಇಟ್ಟ ಹರಕೆ, ಅಷ್ಟೆ. ಹುಡುಗಿಯರು ಶಾಲೆಗೆ, ಕಾಲೇಜಿಗೆ, ಕಚೇರಿಗೆ ಹೋಗತೊಡಗಿದ ಮೇಲೆಯೇ ಮದುವೆಗೆ ಮುಂಚಿನ ಹತ್ತು ಹದಿನೈದು ವರ್ಷಗಳೆಂಬ ಹೊಸ ಭೂಮಿಯು ಸಮುದ್ರದಿಂದ ಮೇಲೆದ್ದಿತು. ಈ ಕಾದಂಬರಿಗಳು ಆ ಭೂಮಿಯ ಬೆಳೆ.

ಇಷ್ಟೆಲ್ಲವೂ ಆ ಮನೆಯ ಮಹಡಿಯ ಮೇಲೆ ಸಂಜೆಯ ಹೊತ್ತಿನಲ್ಲಿ ಗಂಡಹೆಂಡಿರ ನಡುವೆ ಚರ್ಚೆಯಾಯಿತು. ಎಂಜಿನಿಯರು ಬಹು ಉದಾರವಾಗಿ ಮಾತನಾಡಿದರು. ಸೀತೆಯನ್ನು ಹೂವಯ್ಯನಿಗೆ ಕೊಡದಿದ್ದುದು ಅನ್ಯಾಯವೆಂದರು. ಸ್ನೇಹವೇ ದಾಂಪತ್ಯದ ತಳಪಾಯವಾದರೆ ಕಟ್ಟಡ ಬಿರುಕು ಬಿಡದೆಂದರು. ಉಪಾಧ್ಯಾಯಿನಿ ಸುಮ್ಮನೆ ಕೇಳುತ್ತಿದ್ದು, ಕಡೆಗೆ, "ಹಾಗಾದರೆ ಒಳ್ಳೆಯದೇ ಆಯಿತು. ಮೊಮ್ಮಗಳು ಆ ಪುಸ್ತಕಗಳನ್ನು ನಿಮಗೆ ಸುಮ್ಮನೆ ಕೊಡಲಿಲ್ಲ," ಎಂದರು.

"ಮತ್ತೆ?"

"ನಿಮ್ಮ ಇಲಾಖೆಯಲ್ಲಿ ಅರ್ಜಿಯ ಜೊತೆಗೆ ಕಾಗದಪತ್ರಗಳನ್ನು ಲಗತ್ತಿಸುತ್ತಿರಲಿಲ್ಲವೆ? ಅವು ಲಗತ್ತುಗಳು. ಅರ್ಜಿ ನನ್ನ ಕೈಯಲ್ಲಿದೆ." ಆಕೆ ಗೋಡೆಯ ಕಡೆಗೆ ನೋಡಿದರು. ಗೋಡೆಯಾಚೆ ಪಕ್ಕದ ಮನೆಯ ದೀಪ ಆಗತಾನೆ ಹತ್ತಿತ್ತು.

ಎಂಜಿನಿಯರಿಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಅರ್ಥವಾದ ಮೇಲೆ ಅವರ ಬಾಯಿಂದ ಬಂದ ಮೊದಲನೆಯ ಮಾತು, "ಆ ಹುಡುಗನೆ?" ಎಂಬುದು, ಅದರಲ್ಲಿ ಸಂತೋಷವೇ ಇತ್ತು. ಎರಡನೆಯ ಮಾತು, "ಅವರು ನಮ್ಮವರಲ್ಲವಲ್ಲ" ಎಂಬುದು. ಆ ಎರಡು ಮಾತುಗಳ ನಡುವೆ ಉಸಿರಾಡುವಷ್ಟು ಹೊತ್ತೂ ಕಳೆದಿರಲಿಲ್ಲ. ತಮ್ಮ ಬಾಯಿಂದ ಬಂದುದನ್ನು ತಾವೇ ಕೇಳಿಸಿಕೊಂಡು ಅವರು ಸುಮ್ಮನಾದರು. ಹುಡುಗನು ತಮ್ಮನ್ನು ರಾತ್ರಿ ಎರಡು ಗಂಟೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬೆಳಗಿನವರೆಗೆ ಬೆಂಚಿನ ಮೇಲೆ ಕುಳಿತಿದ್ದುದು ಅವರಿಗೆ ಮರೆತಿರಲಿಲ್ಲ. ಅಂದು ಅವನು ನಮ್ಮವನೇ ಆಗಿದ್ದ.

ಮಗನೂ ಸೊಸೆಯೂ ವಿಷಯವನ್ನು ಆಗಲೇ ಬಲ್ಲರು. "ಅಪ್ಪ ಒಪ್ಪಿದರೆ" ಎಂಬ ಎರಡು ಶಬ್ದಗಳ ನೆರಳಿನಲ್ಲಿ ಅವರು ಕುಳಿತಿದ್ದರು. ಹೀಗೆ ಇಡೀ ಮನೆಯ ತೀರ್ಪು ಕೆಂಪು ಸೀಸದಕಡ್ಡಿಯ ತುದಿಗೆ ಬಂದಿತು.

ಆ ರಾತ್ರಿ ಎಂಜಿನಿಯರಿಗೆ ನಿದ್ರೆ ಬರಲಿಲ್ಲ. "ನೀನು ಏನು ಹೇಳುತ್ತೀಯೆ?" ಎಂದು ಕತ್ತಲಲ್ಲಿಯೇ ಕೇಳಿದರು.

"ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಕಲ್ಯಾಣದಲ್ಲಿ ಆದ ಮದುವೆಯ ಪಾಠವನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ," ಎಂದರು ಉಪಾಧ್ಯಾಯಿನಿ. "ಇಬ್ಬರು ತಂದೆಯರೂ ಶರಣರು, ಕೂಡಿ ಕುಳಿತವರು. ಕೂಡಿ ಕುಳಿತಿರುವವರೆಗೆ ಊರು ಸಹಿಸಿತು, ಬೀಗರಾದಾಗ ಸಹಿಸಲಿಲ್ಲ. ಅದಕ್ಕಾಗಿ ಅವರ ಪ್ರಾಣವೇ ಹೋಯಿತೆಂದು ಹೇಳುತ್ತಾರೆ. ಆ ಪ್ರಶ್ನೆಗೆ ಐದು ಅಂಕ. ಚೆನ್ನಾಗಿ ಬರೆದ ಮಕ್ಕಳಿಗೆ ಐದಕ್ಕೆ ಐದು ಕೊಟ್ಟೆ. ಪ್ರಶ್ನೆ ಈಗ ನಮ್ಮ ಮನೆಗೆ ಬಂದಿದೆ. ಅಂಕ ಕೊಡುವವಳು ಅವಳು."

ಸ್ವಲ್ಪ ಹೊತ್ತು ಬಿಟ್ಟು ಆಕೆಯೇ ಮತ್ತೆ ಹೇಳಿದರು: "ನಮ್ಮ ಮದುವೆಯಲ್ಲಿ ಸಪ್ತಪದಿಯ ಹೊತ್ತಿಗೆ ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರಪಡಿಸಿದರು. ವಾಲಗದ ಗದ್ದಲದಲ್ಲಿ ಏಳನೆಯ ಹೆಜ್ಜೆಯ ಮಂತ್ರ ನನಗೆ ಕೇಳಿಸಲೇ ಇಲ್ಲ. ನಿಮಗೆ ಕೇಳಿಸಿತ್ತೆ?"

"ನೆನಪಿಲ್ಲ."

"ನಾವು ಆ ಹೆಜ್ಜೆಯನ್ನು ಇಟ್ಟದ್ದು ಯಾವಾಗ, ಗೊತ್ತೆ?"

ಎಂಜಿನಿಯರಿಗೆ ಗೊತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ದೂರದ ಒಂದು ಊರಿನಲ್ಲಿ, ಕಾಲುವೆಯ ಏರಿಯೊಂದು ಮಳೆಗೆ ಕುಸಿದು, ಬಿಲ್ಲಿಗೆ ಸಹಿ ಮಾಡಿದ ಕಿರಿಯ ಅಧಿಕಾರಿಯ ಮೇಲೆ ತಪ್ಪು ಬಂದು, ವಿಚಾರಣೆ ನಡೆಯುತ್ತಿದ್ದ ಕಾಲ. ಸಹೋದ್ಯೋಗಿಗಳು ರಸ್ತೆಯ ಆಚೆಯ ಮಗ್ಗುಲಲ್ಲಿ ನಡೆಯತೊಡಗಿದ್ದರು. ಒಂದು ರಾತ್ರಿ ಅವರು ಅಳತೆಯ ನಕಲುಗಳನ್ನೆಲ್ಲ ನೆಲದ ಮೇಲೆ ಹರಡಿ ಕುಳಿತು, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, "ಇದರಲ್ಲಿ ನಾನು ತಪ್ಪು ಮಾಡಿದ್ದೇನೆಯೆ, ನೀನು ನೋಡಿ ಹೇಳು" ಎಂದು ಹೆಂಡತಿಯನ್ನು ಕೇಳಿದರು. ಕನ್ನಡದ ಉಪಾಧ್ಯಾಯಿನಿ ಬೆಳಗಿನ ಜಾವದವರೆಗೆ ಅಡಿ ಅಂಗುಲಗಳನ್ನು ಕೂಡಿ ಕಳೆದು, ಎರಡು ಕಡೆ ಅವರದೇ ತಪ್ಪನ್ನು ತೋರಿಸಿ, ಉಳಿದುದರಲ್ಲಿ ಅವರು ನಿರ್ದೋಷಿಗಳೆಂದು ಹೇಳಿದರು. ವಿಚಾರಣೆ ಮುಗಿದ ಮೇಲೆ ತೀರ್ಪೂ ಹೆಚ್ಚುಕಡಮೆ ಹಾಗೆಯೇ ಬಂದಿತು. ಅಂದಿನಿಂದ ಅವರು ಹೆಂಡತಿಯನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.

"ಆ ಮೊದಲಿನ ಹನ್ನೊಂದು ವರ್ಷವೂ ನೀವು ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ," ಎಂದರು ಆಕೆ. "ಅನ್ನ, ಬಟ್ಟೆ, ಮಗು, ಎಲ್ಲವೂ ಇತ್ತು. ಆರು ಹೆಜ್ಜೆಗಳನ್ನು ಹಿರಿಯರು ನಡೆಸಿಕೊಟ್ಟಿದ್ದರು. ಏಳನೆಯದನ್ನು ಯಾರೂ ನಡೆಸಿಕೊಡಲಾರರು. ಅದು ನಮಗೆ ದೊರೆತದ್ದು ಪುಣ್ಯ. ನನ್ನ ಅಕ್ಕನಿಗೆ ಐವತ್ತು ವರ್ಷ ಸಂಸಾರ ಮಾಡಿದರೂ ದೊರೆಯಲಿಲ್ಲ. ಈ ಮಕ್ಕಳು ಅದನ್ನು ಮೊದಲೇ ಇಟ್ಟುಬಿಟ್ಟಿದ್ದಾರೆ. ಉಳಿದಿರುವುದು ಆರು. ಅವಕ್ಕೆ ನಾವು ಸಹಾಯ ಮಾಡಬಹುದು. ಕೈಲಾಗದ ಒಂದನ್ನು ಅವರೇ ಮುಗಿಸಿಕೊಂಡು ಬಂದಿರುವಾಗ, ಕೈಲಾಗುವ ಆರಕ್ಕೆ ನಾವು ಅಡ್ಡ ನಿಲ್ಲುವುದೆ?"

ಎಂಜಿನಿಯರು ಉತ್ತರ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ, "ಗೋಡೆಯ ಮೇಲಿದ್ದ ಆ ಕೊಳವೆ ಏನಾಯಿತು?" ಎಂದು ಕೇಳಿದರು. ಹಿತ್ತಿಲಿನಲ್ಲಿ ಸುರುಳಿ ಸುತ್ತಿಟ್ಟಿದೆಯೆಂದು ಆಕೆ ಹೇಳಿದರು.

ನೆಂಟರಿಗ��ಂತ ಹೆಚ್ಚೆಂದು ಒಬ್ಬರನ್ನು ಹೊಗಳುವುದು ಸುಲಭ; ಅವರನ್ನು ನೆಂಟರನ್ನಾಗಿ ಮಾಡಿಕೊಳ್ಳುವಾಗ ಆ ಹೊಗಳಿಕೆಯು ನಿಜವೋ ಉಪಚಾರವೋ ಎಂಬುದು ತಿಳಿದುಬರುತ್ತದೆ. ವಿದ್ಯಾವಂತ ಮನೆಗಳಲ್ಲಿ ಸ್ನೇಹಕ್ಕೆ ಹೆಬ್ಬಾಗಿಲು ತೆರೆದಿದೆ. ಮಗಳ ಗೆಳೆಯನಿಗೆ ಅಡುಗೆಮನೆಯವರೆಗೂ ದಾರಿಯುಂಟು. ಅವನ ಕುಲವನ್ನು ಕೇಳುವುದು ಅಸಭ್ಯವೆಂದು ಹಿರಿಯರೇ ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಅದೇ ಹುಡುಗನು ಅಳಿಯನಾಗುವ ಮಾತು ಬಂದ ಕ್ಷಣದಲ್ಲಿ, ಹದಿನೈದು ವರ್ಷ ಉಂಡ ತಟ್ಟೆಯು ಒಮ್ಮೆಗೇ ಅಪರಿಚಿತವಾಗುತ್ತದೆ. ಮಕ್ಕಳು ಹಿರಿಯರ ಮಾತನ್ನು ನಂಬಿ ನಡೆದುದೇ ಅವರ ಅಪರಾಧವಾಗುತ್ತದೆ. ಸ್ನೇಹಿತರು ಪ್ರೇಮಿಗಳಾಗುವ ಕಥೆಯಲ್ಲಿ ಈ ನಾಡಿನ ಮಟ್ಟಿಗೆ ಮಾತನಾಡಲು ಅಂಜುವ ಹುಡುಗನದಕ್ಕಿಂತ ದೊಡ್ಡ ಪರೀಕ್ಷೆ, ಮೊದಲು ಉದಾರವಾಗಿ ಮಾತನಾಡಿಬಿಟ್ಟಿದ್ದ ಹಿರಿಯರದು.

ಮರುದಿನ ಬೆಳಗ್ಗೆ ಎಂಜಿನಿಯರು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಪಕ್ಕದ ಮನೆಗೆ ಹೊರಟರು. ಇಪ್ಪತ್ತು ವರ್ಷಗಳಿಂದ ಗೋಡೆಯ ಬಳಿ ನಿಂತು ಕೂಗುವುದೇ ರೂಢಿಯಾಗಿತ್ತು. ಅಂದು ಬೀದಿಗೆ ಇಳಿದು, ಅವರ ಗೇಟನ್ನು ತೆರೆದು, ಮುಂಬಾಗಿಲಿನಿಂದ ಒಳಕ್ಕೆ ಹೋದರು. ಮೊಮ್ಮಗಳು ಕಚೇರಿಗೆ ರಜ ಹಾಕಿ ಕಿಟಕಿಯ ಹಿಂದೆ ನಿಂತಿದ್ದಳು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಎಂಜಿನಿಯರು ಹಿಂದಿರುಗಿ ಬಂದು ಚಪ್ಪಲಿಯನ್ನು ಬಿಟ್ಟು ಕುರ್ಚಿಯಲ್ಲಿ ಕುಳಿತರು.

"ಏನಾಯಿತು?" ಎಂದರು ಉಪಾಧ್ಯಾಯಿನಿ.

"ಕಾಫಿ ಕೊಟ್ಟರು."

"ಆಮೇಲೆ?"

"ಕೆರೆಗೆ ಈ ಸಲ ನೀರು ಚೆನ್ನಾಗಿ ಬಂದಿದೆ ಎಂದರು. ನಾನೂ ಹೌದೆಂದೆ."

"ವಿಷಯ?"

ಎಂಜಿನಿಯರು ಮುಖವನ್ನು ಒರಸಿಕೊಂಡರು. "ಮಾತು ಬಾಯಿಯ ತನಕ ಬಂದಿತು. ಅವರಿಗೆ ಮನಸ್ಸಿಲ್ಲದಿದ್ದರೆ? ಅವರ ಕಡೆಯ ಹಿರಿಯರು ಒಪ್ಪದಿದ್ದರೆ? ನಾಳೆಯಿಂದ ಆ ಮನುಷ್ಯನ ಮುಖವನ್ನು ಹೇಗೆ ನೋಡಲಿ? ಇಪ್ಪತ್ತು ವರ್ಷದ ಸ್ನೇಹ. ಹೇಳಿದರೆ ಇರುವುದೂ..." ಎಂದವರು ಅಲ್ಲಿಗೆ ನಿಲ್ಲಿಸಿ ಹೆಂಡತಿಯ ಮುಖವನ್ನು ನೋಡಿದರು. ಆಕೆ ನಗಲಿಲ್ಲ; ನಗದಿರಲು ಆಕೆಗೆ ಬಹಳ ಶ್ರಮವಾಯಿತೆಂದು ಮೊಮ್ಮಗಳು ಆಮೇಲೆ ಹೇಳಿದಳು.

"ನಾಳೆ ಮತ್ತೆ ಹೋಗುತ್ತೇನೆ," ಎಂದರು ಎಂಜಿನಿಯರು.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅವರು ಮೂರನೆಯ ಕಾದಂಬರಿಯನ್ನು ತೆರೆದು, "ಇಷ್ಟು ವಿಳಂಬವೇಕೆ?" ಎಂದು ತಾವು ಬರೆದಿದ್ದ ಪುಟವನ್ನು ಹುಡುಕಿ, ಮೊಮ್ಮಗಳ ಹಳೆಯ ಪೆಟ್ಟಿಗೆಯಿಂದ ತಂದ ರಬ್ಬರಿನಿಂದ ಆ ಪ್ರಶ್ನೆಯನ್ನು ಉಜ್ಜತೊಡಗಿದರು. ಕೆಂಪು ಸೀಸದ ಗುರುತು ಅಷ್ಟು ಸುಲಭವಾಗಿ ಹೋಗುವಂಥದಲ್ಲ. ಕಾಗದವು ತೆಳುವಾಗುವವರೆಗೆ ಉಜ್ಜಿದರೂ ಅಕ್ಷರಗಳ ನಸುಗೆಂಪು ನೆರಳು ಉಳಿದೇ ಇತ್ತು.